ಸೊಲ್ಲಾಪುರದ ಮೋಡಗಳನ್ನು ಅಳೆದ ರಾಡಾರ್

ಸೊನ್ನಲಿಗೆಯ ಸಿದ್ಧರಾಮ ಹನ್ನೆರಡನೆಯ ಶತಮಾನದಲ್ಲಿ ಕೆರೆ ಕಟ್ಟಿಸಿದ ಊರು ಸೊಲ್ಲಾಪುರ. ನೀರಿನ ಚಿಂತೆ ಇಲ್ಲಿ ಅಷ್ಟು ಹಳೆಯದು. ಮುಂಗಾರಿನ ಬಹುಪಾಲು ಪಶ್ಚಿಮ ಘಟ್ಟದ ಮೇಲೇ ಸುರಿದುಹೋಗುತ್ತದೆ. ಮಹಾಬಳೇಶ್ವರದಲ್ಲಿ ವರ್ಷಕ್ಕೆ ಐದು ಸಾವಿರ ಮಿ.ಮೀ. ದಾಟುವ ಮಳೆ ಸೊಲ್ಲಾಪುರದ ಬಯಲಿಗೆ ಬರುವಷ್ಟರಲ್ಲಿ ಐದಾರು ನೂರಕ್ಕೆ ಇಳಿದಿರುತ್ತದೆ. ಮನೆಮನೆಯಲ್ಲಿ ಕನ್ನಡ ಕೇಳುವ ಅಕ್ಕಲಕೋಟ ತಾಲ್ಲೂಕಿನ ರೈತರು ಮಿರಗದ ಮಳೆಗೆ ಕಾಯುತ್ತಾರೆ, ಅದು ಕೈಕೊಟ್ಟರೆ ಉತ್ತರಿ, ಹಸ್ತದ ಮಳೆಗಾದರೂ ಕಾಯುತ್ತಾರೆ. ಹಿಂಗಾರಿ ಜೋಳ ನಿಂತಿರುವುದೇ ಆ ಕೊನೆಯ ಹಸಿಯ ಮೇಲೆ. ಆಕಾಶದಲ್ಲಿ ಮೋಡ ಇಲ್ಲವೆಂದಲ್ಲ. ಕಟ್ಟಿದ ಮೋಡ ಸುರಿಯದೆ ಹೋಗುವುದೇ ಇಲ್ಲಿನ ಸಂಕಟ.

ಏಕೆ ಸುರಿಯುವುದಿಲ್ಲ? ಈ ಪ್ರಶ್ನೆ ಹಿಡಿದು ಸೊಲ್ಲಾಪುರಕ್ಕೆ ಬಂದದ್ದು ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆ. ಮೋಡ ಮತ್ತು ದೂಳುಕಣಗಳ ಸಂಬಂಧವನ್ನೂ ಮಳೆ ಹೆಚ್ಚಿಸುವ ಸಾಧ್ಯತೆಯನ್ನೂ ಪರೀಕ್ಷಿಸಲು ಅದು 2009ರಲ್ಲಿ ಆರಂಭಿಸಿದ ಯೋಜನೆಯ ಹೆಸರು ‘ಕೈಪೀಕ್ಸ್’. ಅದರ ನಾಲ್ಕನೆಯ ಹಂತಕ್ಕೆ ಸೊಲ್ಲಾಪುರವೇ ನೆಲೆಯಾಯಿತು. ನಗರದ ಒಂದು ಎಂಜಿನಿಯರಿಂಗ್ ಕಾಲೇಜಿನ ಕಟ್ಟಡದ ಮೇಲೆ ಸಿ-ಬ್ಯಾಂಡ್ ರಾಡಾರ್ ಕೂತಿತು, ಸುತ್ತಲ ಹಳ್ಳಿಗಳಲ್ಲಿ ಮಳೆಮಾಪಕಗಳ ಜಾಲ ಹರಡಿತು, ಉಪಕರಣ ಹೊತ್ತ ವಿಮಾನಗಳು 2018 ಮತ್ತು 2019ರ ಮುಂಗಾರಿನಲ್ಲಿ ಮೋಡಗಳ ಬುಡಕ್ಕೆ ಹಾರಿದವು.

ಈ ರಾಡಾರ್ ಕೆಲಸ ಮಾಡುವ ಬಗೆ ಸೊಗಸಾದದ್ದು. ಸುಮಾರು ಐದು ಸೆಂಟಿಮೀಟರ್ ಉದ್ದದ ರೇಡಿಯೊ ಅಲೆಗಳನ್ನು ಅದು ಮಿಡಿತ ಮಿಡಿತವಾಗಿ ಕಳಿಸುತ್ತದೆ. ಹನಿಗೆ ಬಡಿದ ಅಲೆ ತುಸುವಷ್ಟೇ ಹಿಂದಿರುಗುತ್ತದೆ. ಮರಳಲು ಹಿಡಿದ ಸಮಯದಿಂದ ಮೋಡ ಎಷ್ಟು ದೂರವಿದೆ ಎಂದು ತಿಳಿಯುತ್ತದೆ, ಅಲೆಯ ಬಲದಿಂದ ಹನಿಗಳ ಪ್ರಮಾಣ, ಕಂಪನದ ಏರಿಳಿತದಿಂದ ಅವು ಹೋಗುತ್ತಿರುವ ವೇಗ. ಇದಕ್ಕೂ ಮಿಗಿಲಾದ ಒಂದು ಜಾಣ್ಮೆಯಿದೆ. ಚಿತ್ರಕಾರರು ಬರೆಯುವ ಹಾಗೆ ಮಳೆಹನಿಗೆ ಚೂಪು ತುದಿ ಇರುವುದಿಲ್ಲ. ಸಣ್ಣ ಹನಿ ದುಂಡಗಿರುತ್ತದೆ; ದೊಡ್ಡದಾದಂತೆ ಗಾಳಿಯ ಒತ್ತಡಕ್ಕೆ ಚಪ್ಪಟೆಯಾಗುತ್ತದೆ. ರಾಡಾರ್ ಅಡ್ಡ ಕಂಪಿಸುವ ಅಲೆಯನ್ನೂ ಲಂಬವಾಗಿ ಕಂಪಿಸುವ ಅಲೆಯನ್ನೂ ಕಳಿಸಿ, ಮರಳಿ ಬಂದ ಎರಡನ್ನು ಹೋಲಿಸುತ್ತದೆ. ಅಡ್ಡ ಅಲೆಯ ಮರುದನಿ ಹೆಚ್ಚಿದ್ದರೆ ಒಳಗೆ ದಪ್ಪ ಹನಿಗಳು ಬೆಳೆದಿವೆ ಎಂದರ್ಥ.

ಹನಿ ದಪ್ಪವಾಗದಿರುವುದೇ ಇಲ್ಲಿನ ತೊಡಕು. ಒಂದು ಮಳೆಹನಿಯಾಗಲು ಸುಮಾರು ಹತ್ತು ಲಕ್ಷ ಮೋಡದ ಕಣಗಳು ಕೂಡಬೇಕು. ಒಳನಾಡಿನ ಗಾಳಿಯಲ್ಲಿ ದೂಳು, ಹೊಗೆಯ ಕಣಗಳು ಹೆಚ್ಚಿದ್ದರೆ ಇದ್ದ ತೇವವನ್ನು ಎಲ್ಲವೂ ಹಂಚಿಕೊಳ್ಳುತ್ತವೆ, ಯಾವುದೂ ಬೀಳುವಷ್ಟು ದೊಡ್ಡದಾಗುವುದಿಲ್ಲ. ಆಗ ಮೋಡದ ಬುಡದಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ಕಣಗಳನ್ನು ಉರಿಸಿ ಬಿಡುತ್ತಾರೆ. ಅವು ತೇವ ಹೀರಿ ಬೇಗ ದಪ್ಪವಾಗುತ್ತವೆ, ಸಣ್ಣವನ್ನು ಬಡಿದು ಕೂಡಿಸಿಕೊಳ್ಳುತ್ತವೆ.

ಇದೇ ಮೋಡ ಬಿತ್ತನೆ. ಅದು ನಮಗೆ ಹೊಸದಲ್ಲ. ಕರ್ನಾಟಕ ಸರ್ಕಾರ 2003ರಲ್ಲಿ ‘ವರುಣ’, 2017ರಲ್ಲಿ ‘ವರ್ಷಧಾರೆ’ ಎಂಬ ಹೆಸರಿನಲ್ಲಿ ಮಾಡಿದೆ. ಆದರೆ ಬಿತ್ತಿದ ಮೇಲೆ ಮಳೆ ಬಂದರೆ ಅದು ಬಿತ್ತಿದ್ದಕ್ಕೇ ಬಂತೆಂದು ಹೇಗೆ ಹೇಳುವುದು? ಸೊಲ್ಲಾಪುರದ ಪ್ರಯೋಗ ನನ್ನ ಗೌರವ ಗಳಿಸಿದ್ದು ಈ ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಎದುರಿಸಿದ್ದಕ್ಕೆ. ಯೋಗ್ಯವೆನಿಸಿದ 276 ಮೋಡಗಳನ್ನು ಆರಿಸಿ, ಚೀಟಿ ಎತ್ತಿದಂತೆ ಕೆಲವಕ್ಕೆ ಬಿತ್ತಿದರು, ಉಳಿದವನ್ನು ಹಾಗೇ ಬಿಟ್ಟರು. ಎರಡನ್ನೂ ಅದೇ ರಾಡಾರ್ ನೋಡಿತು. 2023ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಕೆಲವು ಜಾಗಗಳಲ್ಲಿ ಮಳೆ ಶೇ 46ರಷ್ಟು ಹೆಚ್ಚಿತ್ತು. ಬಿತ್ತಿದ ಜಾಗದಿಂದ ಗಾಳಿ ಬೀಸುವ ದಿಕ್ಕಿನ ನೂರು ಚದರ ಕಿ.ಮೀ. ಪ್ರದೇಶದಲ್ಲಿ ಸರಾಸರಿ ಶೇ 18ರಷ್ಟು. ಸಿಕ್ಕ ನೀರಿಗೆ ತಗುಲಿದ ವೆಚ್ಚ ಲೀಟರಿಗೆ 18 ಪೈಸೆ. ಇದು ಪವಾಡವಲ್ಲ. ಮೋಡವೇ ಇಲ್ಲದ ದಿನ ಬಿತ್ತನೆಯಿಂದ ಏನೂ ಆಗದು, ಎಲ್ಲ ಮೋಡಕ್ಕೂ ಅದು ಹೊಂದುವುದೂ ಇಲ್ಲ.

ಅಕ್ಕಲಕೋಟದ ಮೇಲೆ ಕಟ್ಟಿದ ಗುಡುಗು ಮೋಡದ ಕತೆ ಮಳೆಯೊಂದಿಗೆ ಮುಗಿಯುವುದಿಲ್ಲ. ಅದರ ಒಳಗಿನ ಏರುಗಾಳಿ ಮೇಲಿನ ವಾಯುವನ್ನು ತಳ್ಳಿ ಎಬ್ಬಿಸುವ ಅಲೆಗಳು ಹತ್ತಾರು ಕಿ.ಮೀ. ಮೇಲೇರಿ ಅಲ್ಲಿನ ಗಾಳಿಯನ್ನೇ ಬದಲಿಸುತ್ತವೆ. ಆ ಎತ್ತರವನ್ನು ಓದಲು ಬೇರೆ ರಾಡಾರ್ ಬೇಕು. ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾಲಯದ ಆವರಣದಲ್ಲಿ ಭಾರತೀಯ ಭೂಕಾಂತತ್ವ ಸಂಸ್ಥೆ ನೆಟ್ಟ ರಾಡಾರ್ ಅಂಥದು. ಅದರ ಅಲೆಯ ಉದ್ದ ಸುಮಾರು 150 ಮೀಟರ್. 60ರಿಂದ 100 ಕಿ.ಮೀ. ಎತ್ತರದಲ್ಲಿ, ವಿದ್ಯುದಂಶ ಹೊತ್ತ ತೆಳು ಗಾಳಿಯಿಂದ ಮರಳುವ ದನಿ ಹಿಡಿದು ಅಲ್ಲಿನ ಗಾಳಿಯ ವೇಗ ಲೆಕ್ಕ ಹಾಕುತ್ತದೆ. ತಿರುಪತಿ ಬಳಿಯ ಗಾದಂಕಿಯಲ್ಲಿ 1024 ಆಂಟೆನಾಗಳ ದೊಡ್ಡ ರಾಡಾರ್ ಇದೇ ಬಗೆಯ ಅಧ್ಯಯನಕ್ಕಿದೆ.

ಇನ್ನೂ ಮೇಲಿನ ಅಯಾನುಗೋಳಕ್ಕೆ ಪುಟ್ಟ ಉಪಗ್ರಹಗಳು ಹೋಗಿವೆ. ಬಾಂಬೆ ಐಐಟಿ ವಿದ್ಯಾರ್ಥಿಗಳ ‘ಪ್ರಥಮ್’ 2016ರ ಸೆಪ್ಟೆಂಬರ್ 26ರಂದು ಎಲೆಕ್ಟ್ರಾನುಗಳನ್ನು ಎಣಿಸಲೆಂದು ಹಾರಿತು. 2022ರ ಫೆಬ್ರುವರಿ 14ರಂದು ಏರಿದ ‘ಇನ್‌ಸ್ಪೈರ್‌ಸ್ಯಾಟ್-1’ರ ತೂಕ ಎಂಟು ಕಿಲೋ ಆಸುಪಾಸು. ತಿರುವನಂತಪುರದ ಬಾಹ್ಯಾಕಾಶ ಸಂಸ್ಥೆಯ ವಿದ್ಯಾರ್ಥಿಗಳು ಅಮೆರಿಕ, ಸಿಂಗಪುರ, ತೈವಾನಿನವರೊಡನೆ ಕೂಡಿ ಅದನ್ನು ಕಟ್ಟಿದ್ದರು. ಮೊಬೈಲಿನ ದಾರಿತೋರುವ ಸಂಕೇತ ದಾಟಿ ಬರುವುದು ಅಯಾನುಗೋಳದ ಈ ಪದರವನ್ನೇ. ಸಂಜೆಯಾದ ಮೇಲೆ ಅದರಲ್ಲಿ ಏಳುವ ಗುಳ್ಳೆಗಳು ಆ ಸಂಕೇತವನ್ನು ಕೆಡಿಸುತ್ತವೆ.

ಸೊಲ್ಲಾಪುರದ ರಾಡಾರ್ ನೋಡುವ ಮೋಡಗಳಿಗೆ ರಾಜ್ಯದ ಗಡಿಯಿಲ್ಲ. ವಿಜಯಪುರ, ಕಲಬುರಗಿ ಅಲ್ಲಿಂದ ನೂರು ಕಿ.ಮೀ. ಆಸುಪಾಸಿನಲ್ಲಿವೆ. ಭೀಮೆಯ ಎರಡೂ ದಡದ ಹವೆಯೊಂದೇ, ಬರವೂ ಒಂದೇ. ಮುಂದಿನ ಬರಗಾಲದಲ್ಲಿ ಯಾವ ಸರ್ಕಾರವಾದರೂ ಮೋಡ ಬಿತ್ತನೆ ಘೋಷಿಸಿದರೆ, ಬಿತ್ತದೆ ಬಿಟ್ಟ ಮೋಡಗಳೆಷ್ಟು, ಅವುಗಳ ಲೆಕ್ಕ ಎಲ್ಲಿದೆ ಎಂದು ರೈತ ಸಂಘಟನೆಗಳು ಮೊದಲು ಕೇಳಲಿ.