ಸಿಮ್ಸ್ ಆಟದ 'ಮಾಡ್'ಗಳು: ಹುಡುಕುವ, ಜೋಡಿಸುವ, ದೋಷ ಹಿಡಿಯುವ ಬಗೆ

ನಮ್ಮ ಎಂ.ಎಸ್ಸಿ. ವಿದ್ಯಾರ್ಥಿನಿಯೊಬ್ಬಳು ಒಂದು ಮಧ್ಯಾಹ್ನ ಪ್ರಯೋಗಾಲಯದಲ್ಲಿ ಸಪ್ಪೆ ಮುಖ ಮಾಡಿಕೊಂಡು ಕುಳಿತಿದ್ದಳು. ಕಾರಣ ಕೇಳಿದೆ. "ಸರ್, ಮೂರು ವರ್ಷದಿಂದ ಸಿಮ್ಸ್ ಆಟದಲ್ಲಿ ಬೆಳೆಸಿದ ಕುಟುಂಬ ತೆರೆಯುತ್ತಲೇ ಇಲ್ಲ. 128 ಮಾಡ್ ಹಾಕಿದ್ದೇನೆ. ಯಾವುದು ಕೆಟ್ಟಿದೆಯೋ ಗೊತ್ತಿಲ್ಲ. ಎಲ್ಲವನ್ನೂ ಅಳಿಸಿಬಿಡುತ್ತೇನೆ" ಎಂದಳು. ಅಳಿಸಬೇಡ ಎಂದು ತಡೆದು, ಅಂದು ನಾವಿಬ್ಬರೂ ಮಾಡಿದ ಕೆಲಸವೇ ಈ ಲೇಖನಕ್ಕೆ ಪ್ರೇರಣೆ.

'ದ ಸಿಮ್ಸ್' ಜೀವನವನ್ನು ಅನುಕರಿಸುವ ಗಣಕದಾಟ. ವಿಲ್ ರೈಟ್ ಅವರ ಕಲ್ಪನೆಯ ಈ ಆಟವನ್ನು ಮ್ಯಾಕ್ಸಿಸ್ ಸಂಸ್ಥೆ ರೂಪಿಸಿತು. ಎಲೆಕ್ಟ್ರಾನಿಕ್ ಆರ್ಟ್ಸ್ 2000ದಲ್ಲಿ ಪ್ರಕಟಿಸಿತು. ಇಲ್ಲಿ ಗೆಲುವು, ಸೋಲು ಎಂಬುದಿಲ್ಲ. ಮನೆ ಕಟ್ಟುವುದು, ಮಂದಿಯನ್ನು ಸಾಕುವುದು, ಅವರ ಹಸಿವು, ನಿದ್ರೆ, ಸ್ನೇಹಗಳನ್ನು ನೋಡಿಕೊಳ್ಳುವುದು, ಇಷ್ಟೇ ಆಟ. ಇದರ ನಾಲ್ಕನೆಯ ಆವೃತ್ತಿ 2014ರಲ್ಲಿ ಬಂದಿತು. 2022ರ ಅಕ್ಟೋಬರ್‌ನಲ್ಲಿ ಅದರ ಮೂಲ ಆಟ ಉಚಿತವಾಯಿತು. ಮುಂದಿನ ವಿವರಗಳೆಲ್ಲ ಈ 'ಸಿಮ್ಸ್ 4'ಕ್ಕೆ ಸಂಬಂಧಿಸಿದವು.

ಮಾಡ್ ಎಂದರೇನು?

ಆಟವನ್ನು ಮಾರ್ಪಡಿಸಲು ಆಟಗಾರರೇ ತಯಾರಿಸುವ ಕಡತಗಳಿಗೆ 'ಮಾಡ್' ಎಂದು ಹೆಸರು. ಇವುಗಳಲ್ಲಿ ಎರಡು ಬಗೆ. ಮೊದಲನೆಯದು '.ಪ್ಯಾಕೇಜ್' ಕಡತ. ಹೊಸ ಉಡುಪು, ಪೀಠೋಪಕರಣ, ಬದಲಾದ ನಿಯಮಗಳು ಮುಂತಾದ ದತ್ತಾಂಶ ಇದರಲ್ಲಿರುತ್ತದೆ. ಎರಡನೆಯದು '.ಟಿಎಸ್4ಸ್ಕ್ರಿಪ್ಟ್' ಕಡತ. ಇದು ಪೈಥಾನ್ ಭಾಷೆಯಲ್ಲಿ ಬರೆದ ಕ್ರಮವಿಧಿಗಳ ಗಂಟು; ರಚನೆಯಲ್ಲಿ ಸಾಮಾನ್ಯ 'ಜಿಪ್' ಕಡತವೇ.

ಪ್ಯಾಕೇಜ್ ಕಡತದ ಒಳಗಿನ ಪ್ರತಿಯೊಂದು ವಸ್ತುವಿಗೂ ಪ್ರಕಾರ, ಗುಂಪು, ನಿದರ್ಶನ ಎಂಬ ಮೂರು ಸಂಖ್ಯೆಗಳ ಗುರುತು ಇರುತ್ತದೆ. ಗ್ರಂಥಾಲಯದಲ್ಲಿ ಪುಸ್ತಕಕ್ಕೆ ಹಾಕುವ ಕ್ರಮಸಂಖ್ಯೆಯಂತೆ ಎನ್ನಿ. ಮೂಲ ಆಟದಲ್ಲಿರುವ ಗುರುತನ್ನೇ ಮಾಡ್ ಹೊತ್ತು ಬಂದರೆ, ಆಟ ಮೂಲವಸ್ತುವಿನ ಬದಲು ಮಾಡ್‌ನ ವಸ್ತುವನ್ನು ಬಳಸುತ್ತದೆ. ಮಾಡ್ ಕೆಲಸ ಮಾಡುವ ಗುಟ್ಟು ಇದೇ. ಘರ್ಷಣೆಯ ಗುಟ್ಟೂ ಇದೇ: ಎರಡು ಮಾಡ್‌ಗಳು ಒಂದೇ ಗುರುತಿಗೆ ಕೈ ಹಾಕಿದರೆ, ಒಂದು ಮಾತ್ರ ನಿಲ್ಲುತ್ತದೆ.

ಎಲ್ಲಿ ಹುಡುಕಬೇಕು?

'ಮಾಡ್ ದ ಸಿಮ್ಸ್' ಬಹುಕಾಲದಿಂದ ಇರುವ ಸಂಗ್ರಹ. 'ಕರ್ಸ್‌ಫೋರ್ಜ್' ಎಂಬ ತಾಣದೊಡನೆ ಆಟದ ಪ್ರಕಾಶಕರೇ 2022ರಲ್ಲಿ ಒಪ್ಪಂದ ಮಾಡಿಕೊಂಡರು. ರಚನಕಾರರ ಸ್ವಂತ ತಾಣಗಳೂ ಉಂಟು. ಎಲ್ಲಿಂದ ತಂದರೂ ಮೂರು ಸಂಗತಿ ನೋಡಿ: ಮಾಡ್ ಅನ್ನು ಕೊನೆಯ ಸಲ ಪರಿಷ್ಕರಿಸಿದ್ದು ಯಾವಾಗ? ಅದಕ್ಕೆ ಬೇರೆ ಮಾಡ್ ಅಥವಾ ಆಟದ ವಿಸ್ತರಣೆ ಬೇಕೆ? ರಚನಕಾರರೇ ಅದನ್ನು ಅಲ್ಲಿ ಇಟ್ಟಿದ್ದಾರೆಯೆ?

ಮೂರನೆಯ ಪ್ರಶ್ನೆ ಅತಿ ಮುಖ್ಯ. ಸ್ಕ್ರಿಪ್ಟ್ ಮಾಡ್ ಒಂದು ಕ್ರಮವಿಧಿ. ನಿಮ್ಮ ಗಣಕದಲ್ಲಿ ನೀವು ಓದಬಲ್ಲ, ಅಳಿಸಬಲ್ಲ ಕಡತಗಳನ್ನು ಅದೂ ಓದಬಲ್ಲುದು, ಅಳಿಸಬಲ್ಲುದು. 2024ರಲ್ಲಿ ಈ ಆಟದ ಕೆಲವು ಸ್ಕ್ರಿಪ್ಟ್ ಮಾಡ್‌ಗಳಲ್ಲಿ ಗುಪ್ತಪದ ಕದಿಯುವ ಸಂಕೇತ ಅಡಗಿದ್ದುದು ಪತ್ತೆಯಾಯಿತು. ಮಾಡ್ ಎಂದು ಹೇಳಿ '.ಎಕ್ಸ್ಇ' ಕಡತವನ್ನು ನಡೆಸಲು ಕೇಳಿದರೆ ಖಂಡಿತ ನಡೆಸಬೇಡಿ.

ಜೋಡಣೆ

ತಂದ ಕಡತಗಳನ್ನು 'ಡಾಕ್ಯುಮೆಂಟ್ಸ್'ನ ಒಳಗೆ 'ಎಲೆಕ್ಟ್ರಾನಿಕ್ ಆರ್ಟ್ಸ್', ಅದರೊಳಗೆ 'ದ ಸಿಮ್ಸ್ 4', ಅದರೊಳಗಿನ 'ಮಾಡ್ಸ್' ಎಂಬ ಕಡತಕೋಶದಲ್ಲಿ ಇಡಬೇಕು. ಜಿಪ್ ಆಗಿ ಬಂದ ಗಂಟನ್ನು ಮೊದಲು ಬಿಚ್ಚಬೇಕು. ಆದರೆ ಟಿಎಸ್4ಸ್ಕ್ರಿಪ್ಟ್ ಕಡತವನ್ನು ಬಿಚ್ಚಬಾರದು. ಪ್ಯಾಕೇಜ್ ಕಡತಗಳನ್ನು ಐದು ಹಂತದ ಉಪಕೋಶಗಳವರೆಗೂ ಆಟ ಹುಡುಕುತ್ತದೆ. ಸ್ಕ್ರಿಪ್ಟ್ ಕಡತವನ್ನು ಮಾತ್ರ ಒಂದೇ ಹಂತದ ಆಳದವರೆಗೆ. "ಹಾಕಿದ್ದೇನೆ, ಕೆಲಸ ಮಾಡುತ್ತಿಲ್ಲ" ಎಂಬ ದೂರಿಗೆ ಎಷ್ಟೋ ಸಲ ಇದೇ ಕಾರಣ. ಬಳಿಕ ಆಟದ ಆಯ್ಕೆಗಳಲ್ಲಿ ಮಾಡ್‌ಗಳಿಗೂ ಸ್ಕ್ರಿಪ್ಟ್‌ಗಳಿಗೂ ಅನುಮತಿ ಕೊಟ್ಟು ಆಟವನ್ನು ಮುಚ್ಚಿ ತೆರೆಯಬೇಕು. ಆಟ ಪರಿಷ್ಕರಣೆಗೊಂಡಾಗಲೆಲ್ಲ ಈ ಅನುಮತಿ ತಾನಾಗಿ ರದ್ದಾಗುತ್ತದೆ. ಹಳೆಯ ಮಾಡ್ ಹೊಸ ಆಟಕ್ಕೆ ಹೊಂದದಿರಬಹುದಲ್ಲವೆ? ಹಾಗಾಗಿ ಇದು ತೊಂದರೆಯಲ್ಲ, ಎಚ್ಚರಿಕೆ.

ದೋಷ ಎಲ್ಲಿದೆ?

ಈಗ ವಿದ್ಯಾರ್ಥಿನಿಯ ಸಮಸ್ಯೆಗೆ ಬರೋಣ. ಒಂದೊಂದೇ ಮಾಡ್ ತೆಗೆದು ಪರೀಕ್ಷಿಸಿದರೆ, ಪರೀಕ್ಷೆಗೆ 5 ನಿಮಿಷದಂತೆ, ಕೆಟ್ಟ ಅದೃಷ್ಟವಿದ್ದರೆ 640 ನಿಮಿಷ, ಅಂದರೆ ಹತ್ತು ಗಂಟೆಗೂ ಮೇಲೆ. ಬದಲಿಗೆ ಅರ್ಧ ಮಾಡ್‌ಗಳನ್ನು ಬೇರೆ ಕೋಶಕ್ಕೆ ಸರಿಸಿ ಆಟ ತೆರೆಯಿರಿ. ದೋಷ ಕಂಡರೆ ಅದು ಉಳಿದ 64ರಲ್ಲಿದೆ. ಕಾಣದಿದ್ದರೆ ಸರಿಸಿದ 64ರಲ್ಲಿದೆ. ಮತ್ತೆ ಅರ್ಧ ಮಾಡಿ: 32, 16, 8, 4, 2, 1. ಏಳೇ ಪರೀಕ್ಷೆ, 35 ನಿಮಿಷ! 2ರ ಘಾತ 7 ಎಂದರೆ 128 ಎಂಬುದು ನಿಮಗೆ ಗೊತ್ತೇ ಇದೆ. 1024 ಮಾಡ್‌ಗಳಿದ್ದರೂ ಹತ್ತು ಪರೀಕ್ಷೆ ಸಾಕು. ಆಟಗಾರರು ಇದನ್ನು 'ಐವತ್ತು-ಐವತ್ತು ವಿಧಾನ' ಎನ್ನುತ್ತಾರೆ; ಗಣಕವಿಜ್ಞಾನದಲ್ಲಿ ಇದು ದ್ವಿಮಾನ ಶೋಧನೆ.

ಆದರೆ ಈ ಲೆಕ್ಕದ ಹಿಂದೆ ಒಂದು ಊಹೆ ಇದೆ: ಕೆಟ್ಟಿರುವುದು ಒಂದೇ ಮಾಡ್. ಎರಡು ಮಾಡ್‌ಗಳ ಘರ್ಷಣೆಯಿಂದ ದೋಷ ಬಂದಿದ್ದು, ಅವು ಬೇರೆ ಬೇರೆ ಅರ್ಧಗಳಿಗೆ ಸೇರಿದರೆ? ಎರಡು ಅರ್ಧಗಳೂ ಒಳ್ಳೆಯವೆಂದೇ ತೋರುತ್ತವೆ! ಆಗ ಒಂದು ಅರ್ಧವನ್ನು ಇಡಿಯಾಗಿ ಒಳಗಿಟ್ಟು ಇನ್ನೊಂದನ್ನು ಒಡೆಯುತ್ತ ಹೋಗಬೇಕು. ಒಬ್ಬ ಅಪರಾಧಿ ಸಿಕ್ಕ ಮೇಲೆ ಅವನನ್ನು ಒಳಗಿಟ್ಟು ಮೊದಲಿನ ಅರ್ಧವನ್ನು ಒಡೆಯಬೇಕು. ಎರಡು ಅರ್ಧಗಳ ಪರೀಕ್ಷೆಗೆ 2, ಪ್ರತಿ ಅರ್ಧಕ್ಕೆ 6 ಸೇರಿ ಒಟ್ಟು 14 ಪರೀಕ್ಷೆ.

ಎಚ್ಚರಿಕೆಗಳು ಎರಡು. ಪ್ರತಿ ಪರೀಕ್ಷೆಗೆ ಮುನ್ನ 'ಲೋಕಲ್‌ಥಂಬ್‌ಕ್ಯಾಶ್.ಪ್ಯಾಕೇಜ್' ಎಂಬ ತಾತ್ಕಾಲಿಕ ಕಡತ ಅಳಿಸಿ. ಆಟ ಅದನ್ನು ಮತ್ತೆ ಸೃಷ್ಟಿಸಿಕೊಳ್ಳುತ್ತದೆ. ಹಳೆಯ ನೆನಪು ಉಳಿದರೆ ಫಲಿತಾಂಶ ದಾರಿ ತಪ್ಪಿಸಬಹುದು. ಇನ್ನೊಂದು, ಮೊದಲೇ 'ಸೇವ್ಸ್' ಕೋಶದ ಪ್ರತಿ ತೆಗೆದಿಡಿ. ಮಾಡ್ ಇಲ್ಲದೆ ಮನೆ ತೆರೆದಾಗ ಆ ಮಾಡ್‌ನ ವಸ್ತುಗಳು ಮಾಯವಾಗಿರುತ್ತವೆ. ಆ ಸ್ಥಿತಿಯಲ್ಲೇ ಆಟವನ್ನು ಉಳಿಸಿದರೆ ನಷ್ಟ ಶಾಶ್ವತ. ವಿದ್ಯಾರ್ಥಿನಿ ಅಂದು ಸಿಟ್ಟಿನಲ್ಲಿ ಎಲ್ಲವನ್ನೂ ಅಳಿಸಿ, ಆಡಿ, ಉಳಿಸಿದ್ದರೆ ಮೂರು ವರ್ಷದ ಮನೆ ಬರಿದಾಗುತ್ತಿತ್ತು. ಏಳನೆಯ ಪರೀಕ್ಷೆಯಲ್ಲಿ ಸಿಕ್ಕಿದ್ದು, ಎರಡು ವರ್ಷದಿಂದ ಪರಿಷ್ಕರಣೆಯನ್ನೇ ಕಾಣದ ಒಂದು ಸಣ್ಣ ಮಾಡ್. ಉಳಿದ 127 ನಿರಪರಾಧಿಗಳು!

ಮುಂದೆ ಇಂಥ ಪೇಚು ಬರದಂತೆ ಒಂದು ನೋಟ್‌ಪುಸ್ತಕ ಇಡಿ ಎಂದು ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಮಾಡ್‌ನ ಹೆಸರು, ಮೂಲ, ಆವೃತ್ತಿ, ಹಾಕಿದ ದಿನ, ಇಷ್ಟು ಬರೆದರೆ ಸಾಕು. ಒಂದು ಸಲಕ್ಕೆ ಒಂದೇ ಹೊಸ ಮಾಡ್ ಹಾಕಿ, ಆಡಿ ನೋಡಿ, ಆಮೇಲೆ ಮುಂದಿನದು.

ಶಿಕ್ಷಕ ಮಿತ್ರರೆ, ಒಂದು ಸಲಕ್ಕೆ ಒಂದೇ ಚರಾಂಶ ಬದಲಿಸು, ಊಹೆಯನ್ನು ಮರೆಯಬೇಡ, ದಾಖಲೆ ಇಡು ಎಂದು ಪ್ರಯೋಗಾಲಯದಲ್ಲಿ ನಾವು ಹೇಳುತ್ತಲೇ ಇರುತ್ತೇವೆ. ಅದು ಮಕ್ಕಳ ಕಿವಿಗೆ ಬೀಳದಿದ್ದರೆ, ಅವರ ಆಟದಿಂದಲೇ ಆರಂಭಿಸಿ ನೋಡಿ. ಆ ವಿದ್ಯಾರ್ಥಿನಿ ಮರುವಾರ ಉರಿಯದ ವಿದ್ಯುನ್ಮಂಡಲವನ್ನು ನಡುವಿನಿಂದಲೇ ಪರೀಕ್ಷಿಸತೊಡಗಿದಳು. ನಾನು ಹೇಳಿಕೊಟ್ಟಿರಲಿಲ್ಲ.