ಬಾಲ್ಸಾ ಮಾದರಿ ಗ್ಲೈಡರ್‌ನ ಅಂಟು ಮತ್ತು ಹೊದಿಕೆ

ಬಾಲ್ಸಾ ಮಾದರಿ ಗ್ಲೈಡರ್ ಎಂಬುದು ಬಾಲ್ಸಾ ಮರದ ತೆಳು ಹಲಗೆ ಹಾಗೂ ಕಡ್ಡಿಗಳಿಂದ ನಿರ್ಮಿಸಿದ, ಎಂಜಿನ್ ಇಲ್ಲದ ಹಗುರ ಮಾದರಿ ವಿಮಾನ. ಇದರ ತೂಕ, ಬಾಳಿಕೆ ಮತ್ತು ಹಾರಾಟದ ಗುಣಗಳು ಬಹುಮಟ್ಟಿಗೆ ಬಳಸಿದ ಅಂಟು ಹಾಗೂ ಹೊದಿಕೆಯನ್ನು ಅವಲಂಬಿಸಿವೆ. ಈ ಲೇಖನವು ಸುಮಾರು 60 ಸೆಂ.ಮೀ. ರೆಕ್ಕೆಯಗಲದ ಸಣ್ಣ ಗ್ಲೈಡರ್‌ಗಳನ್ನು ಕುರಿತದ್ದಾಗಿದ್ದು, ಬೆಂಗಳೂರಿನ ಹವಾಮಾನವನ್ನು ಗಮನದಲ್ಲಿರಿಸಿಕೊಂಡಿದೆ.

ಮರದ ಸ್ವಭಾವ

ಬಾಲ್ಸಾದ ಸಸ್ಯಶಾಸ್ತ್ರೀಯ ಹೆಸರು ಓಕ್ರೋಮಾ ಪಿರಮಿಡಾಲೆ. ಇದು ದಕ್ಷಿಣ ಹಾಗೂ ಮಧ್ಯ ಅಮೆರಿಕದ ಮರವಾಗಿದ್ದು, ಈಕ್ವಡಾರ್ ಇದರ ಪ್ರಮುಖ ರಫ್ತುದಾರ ದೇಶವಾಗಿದೆ. ಒಣಗಿದ ಬಾಲ್ಸಾದ ಸಾಂದ್ರತೆ ಸಾಮಾನ್ಯವಾಗಿ ಘನ ಮೀಟರಿಗೆ 100ರಿಂದ 200 ಕಿಲೋಗ್ರಾಂ ಇರುತ್ತದೆ. ಹೀಗಾಗಿ 1.5 ಮಿ.ಮೀ. ದಪ್ಪ, 75 ಮಿ.ಮೀ. ಅಗಲ ಮತ್ತು 900 ಮಿ.ಮೀ. ಉದ್ದದ ಎರಡು ಹಲಗೆಗಳು ನೋಡಲು ಒಂದೇ ತೆರನಾಗಿದ್ದರೂ ಒಂದು 10 ಗ್ರಾಂ, ಇನ್ನೊಂದು 20 ಗ್ರಾಂ ತೂಗಬಹುದು. ಮರವನ್ನು ತೂಗಿ ಆರಿಸದೆ ಅಂಟಿನ ಹನಿಗಳನ್ನು ಲೆಕ್ಕ ಹಾಕುವುದು ವ್ಯರ್ಥ.

ಬಾಲ್ಸಾದ ಜೀವಕೋಶಗಳು ದೊಡ್ಡವು, ಟೊಳ್ಳು. ಆದ್ದರಿಂದ ಅದು ತೇವವನ್ನೂ ಅಂಟನ್ನೂ ಬೇಗ ಹೀರುತ್ತದೆ. ಕಡ್ಡಿಯ ಕೊನೆಯನ್ನು ಅಡ್ಡಕ್ಕೆ ಕತ್ತರಿಸಿದ ಜಾಗದಲ್ಲಿ ಅಂಟು ಒಳಕ್ಕಿಳಿದು ಕೀಲು ಬರಿದಾಗುತ್ತದೆ. ಮೊದಲು ತೆಳುವಾಗಿ ಒಂದು ಲೇಪ ಸವರಿ, ಅದು ಹೀರಿದ ಮೇಲೆ ಎರಡನೆಯ ಲೇಪದೊಂದಿಗೆ ಜೋಡಿಸುವುದು ಇದಕ್ಕೆ ಹಳೆಯ ಪರಿಹಾರ.

ಅಂಟುಗಳು

ಫೆವಿಕಾಲ್‌ನಂತಹ ಬಿಳಿ ಅಂಟು ಪಾಲಿವಿನೈಲ್ ಅಸಿಟೇಟಿನ ನೀರಿನ ಮಿಶ್ರಣ. ಅಗ್ಗವಾಗಿ ಎಲ್ಲೆಡೆ ದೊರೆಯುವ ಇದು, ಭಾಗಗಳನ್ನು ಸರಿಹೊಂದಿಸಲು ಸಾಕಷ್ಟು ಸಮಯವನ್ನೂ ಕೊಡುತ್ತದೆ. ಇದರ ದೋಷಗಳು ಎರಡು. ಒಣಗಿದ ಮೇಲೂ ರಬ್ಬರಿನಂತಿರುವುದರಿಂದ ಮರಳುಕಾಗದದಿಂದ ಉಜ್ಜಿದರೆ ಸುರುಳಿಗಟ್ಟುತ್ತದೆ; ತೆಳು ಹಲಗೆಯ ಒಂದೇ ಮಗ್ಗುಲಿಗೆ ಹೆಚ್ಚಾಗಿ ಸವರಿದರೆ ನೀರು ಹೀರಿ ಹಲಗೆ ಬಾಗುತ್ತದೆ. ಮಳೆಗಾಲದಲ್ಲಿ ಪೂರ್ಣ ಬಲ ಬರಲು ಒಂದು ರಾತ್ರಿ ಬಿಡುವುದು ಲೇಸು. ಮರಗೆಲಸದ ಹಳದಿ ಅಂಟನ್ನು ಉಜ್ಜುವುದು ಇದಕ್ಕಿಂತ ಸುಲಭ.

ಫೆವಿಕ್ವಿಕ್ ಮೊದಲಾದ ಸಯನೋಅಕ್ರಿಲೇಟ್ ಅಂಟುಗಳು ಮೇಲ್ಮೈಯ ತೇವಾಂಶದಿಂದ ಕ್ಷಣಗಳಲ್ಲಿ ಗಟ್ಟಿಯಾಗುತ್ತವೆ. ಕೀಲು ನಿಖರವಾಗಿ ಕೂಡಿದ್ದರೆ ಮಾತ್ರ ತೆಳು ಬಗೆಯದು ಹಿಡಿಯುತ್ತದೆ, ಸಂದನ್ನು ತುಂಬಲಾರದು. ಗಟ್ಟಿಯಾದ ಕೀಲು ಪೆಡಸಾಗಿದ್ದು, ನೆಲಕ್ಕೆ ಬಡಿದಾಗ ಒಮ್ಮೆಲೇ ಬಿರಿಯುತ್ತದೆ. ಇದರ ಆವಿ ಕಣ್ಣು ಮೂಗುಗಳನ್ನು ಉರಿಸುತ್ತದೆ. ಹತ್ತಿಬಟ್ಟೆಯ ಮೇಲೆ ಚೆಲ್ಲಿದರೆ ಚರ್ಮ ಸುಡುವಷ್ಟು ಬಿಸಿ ಹುಟ್ಟಬಹುದು. ಆದ್ದರಿಂದ ಚೆಲ್ಲಿದ್ದನ್ನು ಹತ್ತಿಬಟ್ಟೆಯಿಂದ ಒರೆಸಬಾರದು, ಮಕ್ಕಳ ಕೈಗೆ ಇದನ್ನು ಒಪ್ಪಿಸಲೂ ಬಾರದು.

ಅರಾಲ್ಡೈಟ್‌ನಂತಹ ಎಪಾಕ್ಸಿ ಭಾರವಾದದ್ದು. ಎರಡು ರೆಕ್ಕೆಗಳು ಕೋನದಲ್ಲಿ ಸೇರುವ ನಡುಕೀಲು, ಎಳೆಹಗ್ಗದ ಕೊಕ್ಕೆಯ ಬುಡ ಇಂತಹ ಕಡೆ ಮಾತ್ರ ಅದು ಸಾರ್ಥಕ. ಬಾಲದ ಬಳಿ ಬಳಸುವುದು ಅವಿವೇಕ. ಬಾಲವು ಸಮತೋಲನ ಬಿಂದುವಿನಿಂದ ಮೂತಿಗಿಂತ ದೂರದಲ್ಲಿರುವುದರಿಂದ, ಅಲ್ಲಿ ಸೇರಿದ ಪ್ರತಿ ಗ್ರಾಮಿಗೆ ಮೂತಿಯಲ್ಲಿ ಎರಡು ಮೂರು ಗ್ರಾಂ ಸೀಸ ಸೇರಿಸಬೇಕಾಗುತ್ತದೆ.

ಯಲಹಂಕ ಮತ್ತು ಮಸ್ಕಿಟೊ ವಿಮಾನ

ತೇವ ಮತ್ತು ಅಂಟಿನ ಸಂಬಂಧ ಎಷ್ಟು ಗಂಭೀರವಾಗಬಲ್ಲದು ಎಂಬುದಕ್ಕೆ ಬೆಂಗಳೂರಿನ ನಂಟುಳ್ಳ ನಿದರ್ಶನವೊಂದಿದೆ. ಎರಡನೆಯ ಮಹಾಯುದ್ಧದ ಡಿ ಹ್ಯಾವಿಲೆಂಡ್ ಮಸ್ಕಿಟೊ ವಿಮಾನದ ಒಡಲನ್ನು ಬರ್ಚ್ ಪ್ಲೈವುಡ್‌ನ ಎರಡು ಪದರಗಳ ನಡುವೆ ಬಾಲ್ಸಾ ಇಟ್ಟು ಅಂಟಿಸಲಾಗುತ್ತಿತ್ತು. 1944ರಲ್ಲಿ ಬ್ರಿಟಿಷ್ ವಾಯುಪಡೆಯ ತುಕಡಿಗಳು ಯಲಹಂಕ ವಾಯುನೆಲೆಯಲ್ಲಿ ಈ ವಿಮಾನದ ತರಬೇತಿ ಪಡೆದವು. ಆ ವರ್ಷದ ಕೊನೆಯ ವೇಳೆಗೆ ಪೂರ್ವ ರಣರಂಗದಲ್ಲಿ ಹಲವು ಮಸ್ಕಿಟೊಗಳು ಪತನಗೊಂಡವು. ಹಾಲಿನ ಪ್ರೋಟೀನಿನಿಂದ ಮಾಡಿದ ಕೇಸೀನ್ ಅಂಟು ಉಷ್ಣಕ್ಕೂ ಮಳೆಗಾಲದ ತೇವಕ್ಕೂ ಬಿಟ್ಟುಕೊಂಡಿತೆಂದು ಮೊದಲು ಶಂಕಿಸಲಾಯಿತು. ಭಾರತಕ್ಕೆ ಬಂದ ಹೆರಿವರ್ಡ್ ಡಿ ಹ್ಯಾವಿಲೆಂಡ್ ನೇತೃತ್ವದ ತಂಡವು 1944ರ ಡಿಸೆಂಬರಿನಲ್ಲಿ ಅಂಟನ್ನು ದೋಷಮುಕ್ತಗೊಳಿಸಿ, ಮರದ ಕುಗ್ಗುವಿಕೆಯನ್ನು ಕಾರಣವೆಂದಿತು. ನಂತರದ ವಿಚಾರಣೆಗಳು ತಯಾರಿಕೆಯ ಲೋಪಗಳತ್ತ, ಸರಿಯಾಗಿ ಕೂಡದ ಕೀಲುಗಳತ್ತ ಬೆರಳು ತೋರಿದವು. ಕೇಸೀನ್‌ನ ಸ್ಥಾನವನ್ನು ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು ಪಡೆಯಿತು. ಅಂಟು ಯಾವುದೇ ಇರಲಿ, ಕೀಲಿನಲ್ಲಿ ಬಿರುಕು ಉಳಿದರೆ ಅದು ವಿಮಾನವನ್ನು ಕಾಯದು ಎಂಬ ಮಾತು ಮಾದರಿಗೂ ಅಷ್ಟೇ ಅನ್ವಯಿಸುತ್ತದೆ.

ಹೊದಿಕೆ

ಇಡಿಯ ಹಲಗೆಯಿಂದ ಕೊರೆದ, ಕೈಯಿಂದ ಎಸೆಯುವ ಗ್ಲೈಡರಿಗೆ ಹೊದಿಕೆ ಬೇಡ; ತೇವ ತಡೆಯಲು ಸೀಲರಿನ ತೆಳು ಲೇಪ ಸಾಕು. ಪಕ್ಕೆಲುಬು ಜೋಡಿಸಿ ಕಟ್ಟಿದ ರೆಕ್ಕೆಗೆ ಮಾತ್ರ ಆಯ್ಕೆಯ ಪ್ರಶ್ನೆ ಏಳುತ್ತದೆ.

60 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ರೆಕ್ಕೆಯ ಎರಡೂ ಮಗ್ಗುಲು ಸೇರಿ 0.12 ಚದರ ಮೀಟರ್. ಚದರ ಮೀಟರಿಗೆ 12 ಗ್ರಾಂ ತೂಗುವ ಟಿಶ್ಯೂ ಕಾಗದ ಹೊದಿಸಿದರೆ ಸುಮಾರು 1.5 ಗ್ರಾಂ, ಡೋಪ್ ಸೇರಿ 3 ಗ್ರಾಂ ಆಗಬಹುದು. ಇಸ್ತ್ರಿಯಿಂದ ಬಿಗಿಯುವ 60 ಗ್ರಾಮಿನ ಪ್ಲಾಸ್ಟಿಕ್ ಹಾಳೆಯಾದರೆ 7 ಗ್ರಾಂ ಮೀರುತ್ತದೆ. ಒಟ್ಟು 40 ಗ್ರಾಂ ತೂಗುವ ಗ್ಲೈಡರಿಗೆ ಈ ವ್ಯತ್ಯಾಸ ಹತ್ತನೆಯ ಒಂದು ಭಾಗ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿ ಸಮುದ್ರಮಟ್ಟಕ್ಕಿಂತ ಶೇಕಡಾ 8ರಿಂದ 9ರಷ್ಟು ವಿರಳವಾಗಿರುವುದರಿಂದ ಗ್ಲೈಡರ್ ಈಗಾಗಲೇ ತುಸು ಬೇಗ ಇಳಿಯುತ್ತದೆ. ಪ್ಲಾಸ್ಟಿಕ್ ಹಾಳೆ ತೇವಕ್ಕೆ ಜಗ್ಗದು ನಿಜ. ಆದರೆ ಬಲವಾಗಿ ಬಿಗಿದರೆ ಹಗುರ ರೆಕ್ಕೆಯನ್ನೇ ತಿರುಚುತ್ತದೆ. ಈ ಗಾತ್ರಕ್ಕೆ ಟಿಶ್ಯೂ ಉಚಿತ.

ಟಿಶ್ಯೂವಿನ ಎಳೆ ರೆಕ್ಕೆಯ ಉದ್ದಕ್ಕೆ ಬರುವಂತೆ ಇರಿಸಿ, ನೀರು ಬೆರೆಸಿದ ಬಿಳಿ ಅಂಟಿನಿಂದಲೋ ಮೈದಾ ಗಂಜಿಯಿಂದಲೋ ಅಂಚುಗಳನ್ನು ಹಿಡಿಸಲಾಗುತ್ತದೆ. ಗಂಜಿ ಹುಳುಗಳನ್ನು ಆಕರ್ಷಿಸುವುದರಿಂದ ಬಹುಕಾಲ ಇಡುವ ಮಾದರಿಗೆ ತಕ್ಕುದಲ್ಲ. ಬಳಿಕ ನೀರಿನ ತುಂತುರು ಹಾಯಿಸಿದರೆ ಕಾಗದ ಒಣಗುತ್ತ ಬಿಗಿಯಾಗುತ್ತದೆ. ಪೂರ್ತಿ ಒಣಗುವವರೆಗೆ ರೆಕ್ಕೆಯನ್ನು ಸಮತಟ್ಟಾದ ಹಲಗೆಗೆ ಗುಂಡುಸೂಜಿಗಳಿಂದ ಬಂಧಿಸಿಡಬೇಕು. ಮೇಲೆ ಎರಡು ತೆಳು ಲೇಪ ಡೋಪ್. ಡೋಪಿಗೆ ಕೆಲವು ಹನಿ ಹರಳೆಣ್ಣೆ ಬೆರೆಸಿದರೆ ಅದು ಬಿರುಸಾಗದೆ, ಬೇಸಿಗೆಯಲ್ಲಿ ಅತಿಯಾಗಿ ಸೆಳೆಯದೆ ಇರುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗಿನ ತೇವದ ದಿನಗಳಲ್ಲಿ ಡೋಪ್ ಹಚ್ಚಿದರೆ, ದ್ರಾವಕ ಆರುವಾಗ ಮೇಲ್ಮೈ ತಣಿದು ಗಾಳಿಯ ನೀರು ಸಾಂದ್ರೀಕರಿಸಿ ಬಿಳಿ ಮಚ್ಚೆಗಳು ಮೂಡುತ್ತವೆ. ಮಳೆ ಬಿಟ್ಟ ಬಿಸಿಲಿನ ಮಧ್ಯಾಹ್ನ, ಕಿಟಕಿ ತೆರೆದ ಕೋಣೆಯಲ್ಲಿ, ಬೆಂಕಿಯಿಂದ ದೂರವಿದ್ದು ಈ ಕೆಲಸ ಮಾಡುವುದು ಸರಿ.

ದೊಡ್ಡ ಎಂಜಿನ್ ಮಾದರಿಗಳಿಗೆ ಹಿಂದೆ ರೇಷ್ಮೆ ಹೊದಿಸಿ ಡೋಪ್ ಹಚ್ಚುವ ಪದ್ಧತಿಯೂ ಇತ್ತು. ಕೇಂದ್ರ ರೇಷ್ಮೆ ಮಂಡಳಿಯ ಕಚೇರಿಯೇ ಮಡಿವಾಳದಲ್ಲಿದ್ದು, ಸಿಲ್ಕ್ ಬೋರ್ಡ್ ವೃತ್ತಕ್ಕೆ ಹೆಸರು ಕೊಟ್ಟಿದ್ದರೂ, ಸಣ್ಣ ಗ್ಲೈಡರಿಗೆ ರೇಷ್ಮೆ ಭಾರವೇ ಸರಿ: ಅದರ ನೇಯ್ಗೆಯ ರಂಧ್ರಗಳನ್ನು ತುಂಬಲು ಹಲವು ಲೇಪ ಡೋಪ್ ಬೇಕಾಗುತ್ತದೆ.