ಮಹಾಮಾರಿ, ಮನೆ ಮತ್ತು ಜನಾಂಗ: ಅಮೆರಿಕದ ಚರಿತ್ರೆಯಿಂದ ಒಂದು ವಿಚಾರ

೧

ಸಾಂಕ್ರಾಮಿಕ ರೋಗಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ರೋಗಾಣು, ವೈದ್ಯ, ಔಷಧ ಈ ಮೂರನ್ನು ಕೇಂದ್ರವಾಗಿಟ್ಟುಕೊಳ್ಳುತ್ತಾರೆ. ಮನೆಯೆಂಬ ನಾಲ್ಕನೆಯ ವಸ್ತುವಿನ ಕಡೆಗೆ ಅವರ ದೃಷ್ಟಿ ಹರಿಯುವುದು ವಿರಳ. ಆದರೆ ೨೦೨೦ರಲ್ಲಿ ಕೋವಿಡ್ ರೋಗವು ಲೋಕವನ್ನೆಲ್ಲ ವ್ಯಾಪಿಸಿದಾಗ, ಔಷಧವಾಗಲಿ ಲಸಿಕೆಯಾಗಲಿ ಕೈಗೆ ಬರುವುದಕ್ಕೆ ಬಹು ಮೊದಲೇ, ಅನೇಕ ಸರ್ಕಾರಗಳು ಪ್ರಜೆಗಳಿಗೆ ಕೊಟ್ಟ ಆಜ್ಞೆ ಒಂದೇ: ಮನೆಯಲ್ಲಿಯೇ ಇರಿ. ಈ ಆಜ್ಞೆಯನ್ನು ಪಾಲಿಸಬೇಕಾದರೆ ಮೊದಲು ಮನೆಯೊಂದಿರಬೇಕಷ್ಟೆ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಆ ವರ್ಷದ ಜನವರಿ ತಿಂಗಳ ಒಂದು ರಾತ್ರಿ ನಡೆಸಿದ ಎಣಿಕೆಯ ಪ್ರಕಾರ ಸುಮಾರು ೫,೮೦,೦೦೦ ಜನರಿಗೆ ಮನೆಯಿರಲಿಲ್ಲ. ಅವರಲ್ಲಿ ನೂರಕ್ಕೆ ೩೯ ಮಂದಿ ಆಫ್ರಿಕನ್ ಅಮೆರಿಕನರು. ದೇಶದ ಒಟ್ಟು ಜನಸಂಖ್ಯೆಯಲ್ಲಾದರೋ ಅವರ ಪಾಲು ನೂರಕ್ಕೆ ೧೨ ಅಥವಾ ೧೩ಕ್ಕೆ ಮೀರದು.

ಈ ಎರಡು ಅಂಕಿಗಳ ನಡುವಣ ಅಂತರವನ್ನು ರೋಗವು ಉಂಟುಮಾಡಲಿಲ್ಲ. ಎಣಿಕೆ ನಡೆದಾಗ ರೋಗವಿನ್ನೂ ಆ ದೇಶದಲ್ಲಿ ಹರಡಿರಲಿಲ್ಲ. ಹಾಗಾದರೆ ಅದು ಎಲ್ಲಿಂದ ಬಂದಿತು? ಮಹಾಮಾರಿಗೂ ಮನೆಗೂ ಜನಾಂಗಭೇದಕ್ಕೂ ಇರುವ ನಂಟನ್ನು ಆ ದೇಶದ ಚರಿತ್ರೆಯ ಮೂರು ಘಟ್ಟಗಳಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಯಾರು ಎಲ್ಲಿ ವಾಸಿಸಬಹುದೆಂಬುದನ್ನು ಶಾಂತಿಕಾಲದಲ್ಲಿಯೇ ಮನುಷ್ಯರು ನಿರ್ಣಯಿಸಿರುತ್ತಾರೆ; ಮಹಾಮಾರಿಯು ಬಂದಾಗ ಆ ನಿರ್ಣಯವೇ ಬದುಕು ಸಾವುಗಳ ನಿರ್ಣಯವಾಗುತ್ತದೆ. ನಾವು ಸ್ಥಾಪಿಸಬಯಸುವ ಮಾತು ಇಷ್ಟೇ.

೨

ಮೊದಲನೆಯ ಘಟ್ಟವನ್ನು ಪ್ಲೇಗಿನ ಕಾಲದಿಂದ ಆರಿಸಿಕೊಳ್ಳುತ್ತೇವೆ. ೧೮೯೪ರಲ್ಲಿ ಹಾಂಗ್‌ಕಾಂಗಿನಲ್ಲಿ ಕಾಣಿಸಿಕೊಂಡ ಪ್ಲೇಗು ೧೮೯೬ರಲ್ಲಿ ಮುಂಬಯಿಗೆ ಬಂದಿತು. ೧೮೯೮ರಲ್ಲಿ ಬೆಂಗಳೂರನ್ನು ಹೊಕ್ಕಿತು. 'ಇಲಿ ಬಿತ್ತು' ಎಂಬ ಮಾತು ಕೇಳಿದೊಡನೆ ಊರು ಬಿಟ್ಟು ಹೊರಗೆ ಗುಡಿಸಲು ಹಾಕಿಕೊಳ್ಳುತ್ತಿದ್ದ ಆ ದಿನಗಳ ಕಥೆಗಳನ್ನು ನಮ್ಮ ಸೀಮೆಯ ಹಿರಿಯರಿಂದ ಕೇಳದವರು ವಿರಳ. ಅದೇ ಪ್ಲೇಗು ಹಡಗುಗಳ ಮೂಲಕ ೧೮೯೯ರ ಡಿಸೆಂಬರಿನಲ್ಲಿ ಹವಾಯಿ ದ್ವೀಪಗಳ ರಾಜಧಾನಿಯಾದ ಹೊನೊಲುಲುವನ್ನೂ, ೧೯೦೦ರ ಮಾರ್ಚಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರವನ್ನೂ ಮುಟ್ಟಿತು. ಹವಾಯಿಯನ್ನು ಸಂಯುಕ್ತ ಸಂಸ್ಥಾನವು ೧೮೯೮ರಲ್ಲಷ್ಟೇ ತನ್ನೊಳಗೆ ಸೇರಿಸಿಕೊಂಡಿತ್ತು.

ಹೊನೊಲುಲುವಿನ ಚೀಣೀ ಪೇಟೆಯಲ್ಲಿ ಚೀಣೀಯರಲ್ಲದೆ ಜಪಾನೀಯರೂ ಹವಾಯಿಯ ಮೂಲನಿವಾಸಿಗಳೂ ಒತ್ತೊತ್ತಾಗಿ ವಾಸಿಸುತ್ತಿದ್ದರು. ಮೊದಲ ಸಾವುಗಳಾದೊಡನೆ ಆ ಪೇಟೆಯ ಸುತ್ತ ಸೈನಿಕರ ಕಾವಲು ಬಿದ್ದಿತು. ಪ್ಲೇಗನ್ನು ಇಲಿಯಿಂದ ಮನುಷ್ಯನಿಗೆ ಸಾಗಿಸುವುದು ಚಿಗಟವೆಂದು ಫ್ರೆಂಚ್ ವೈದ್ಯ ಸಿಮಾಂಡ್ ೧೮೯೮ರಲ್ಲಿಯೇ ತಿಳಿಸಿದ್ದರೂ ವೈದ್ಯಲೋಕ ಅದನ್ನಿನ್ನೂ ಒಪ್ಪಿರಲಿಲ್ಲ. ಕೊಳಕೇ ರೋಗದ ಮೂಲವೆಂಬ ನಂಬಿಕೆಯಿಂದ, ಸಾವು ಸಂಭವಿಸಿದ ಮನೆಗಳನ್ನು ಸುಡುವ ಕ್ರಮವನ್ನು ಅಲ್ಲಿನ ಆರೋಗ್ಯಮಂಡಲಿ ಕೈಗೊಂಡಿತು. ೧೯೦೦ರ ಜನವರಿ ೨೦ರಂದು ಹೀಗೆ ಹಚ್ಚಿದ ಬೆಂಕಿ ಗಾಳಿ ತಿರುಗಿದ ಕಾರಣ ಕೈಮೀರಿತು. ಸಮೀಪದ ಕೌಮಕಾಪಿಲಿ ಚರ್ಚಿನ ಗೋಪುರಗಳಿಗೆ ಕಿಡಿ ತಗುಲಿ, ಅಲ್ಲಿಂದ ಪೇಟೆಯ ಬಹುಭಾಗಕ್ಕೆ ಉರಿ ಹಬ್ಬಿತು. ಉಟ್ಟ ಬಟ್ಟೆಯಲ್ಲಿ ಹೊರಬಿದ್ದ ಜನರನ್ನು ನಗರದ ಬೇರೆ ಭಾಗಗಳಿಗೆ ಹೋಗಗೊಡದೆ ಕಾವಲಿನಲ್ಲಿ ಒಯ್ದು, ತರುವಾಯ ಶಿಬಿರಗಳಲ್ಲಿ ಇರಿಸಲಾಯಿತು. ಒಂದೇ ದಿನದಲ್ಲಿ ಸಾವಿರಾರು ಮಂದಿ ಮನೆಯನ್ನೂ ಅಂಗಡಿಯನ್ನೂ ಕಳೆದುಕೊಂಡರು. ಪರಿಹಾರದ ಹಣ ಬಂದದ್ದು ವರ್ಷಗಳ ಮೇಲೆ. ಅದೂ ಅವರು ಕೇಳಿದ್ದರಲ್ಲಿ ಅರ್ಧಕ್ಕಿಂತ ಕಡಮೆ.

ಬೆಂಕಿ ಕೈಮೀರಿದ್ದು ಆಕಸ್ಮಿಕವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಬೆಂಕಿ ಎಲ್ಲಿ ಹತ್ತಿತು, ಕಾವಲಿನ ಗೆರೆ ಎಲ್ಲಿ ಬಿದ್ದಿತು ಎಂಬುವು ಆಕಸ್ಮಿಕಗಳಲ್ಲ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿನ ಚೀಣೀ ಪೇಟೆಗೆ ದಿಗ್ಬಂಧನ ಹಾಕಿದಾಗ ಗೆರೆಯು ನೇರವಾಗಿ ಹೋಗಲಿಲ್ಲ. ಬಿಳಿಯರ ಕಟ್ಟಡಗಳನ್ನು ಹೊರಗಿಟ್ಟು, ಚೀಣೀಯರವನ್ನು ಒಳಗಿಟ್ಟು ಅಂಕುಡೊಂಕಾಗಿ ಸಾಗಿತು. ಮುಂಬಯಿಯಲ್ಲಿ ಹಾಫ್‌ಕಿನ್ ಮಹಾಶಯರು ಸಿದ್ಧಪಡಿಸಿದ್ದ ಪ್ಲೇಗಿನ ಲಸಿಕೆಯನ್ನು ಹಾಕಿಸಿಕೊಳ್ಳದೆ ಏಷ್ಯಾದವರು ನಗರವನ್ನು ಬಿಡಕೂಡದೆಂಬ ವಿಧಿಯೂ ಹೊರಟಿತು. ನೊಂದವರು ನ್ಯಾಯಾಲಯಕ್ಕೆ ಹೋದರು. ನ್ಯಾಯಾಧೀಶ ಮಾರೋ ಅವರು ೧೯೦೦ರ ಮೇ ತಿಂಗಳಲ್ಲಿ ಲಸಿಕೆಯ ವಿಧಿಯನ್ನೂ, ಜೂನ್ ತಿಂಗಳಲ್ಲಿ ದಿಗ್ಬಂಧನವನ್ನೂ ಜನಾಂಗಭೇದದಿಂದ ಕೂಡಿದುವೆಂದು ಹೇಳಿ ತಡೆದರು. ರೋಗಿಯ ಮನೆಯನ್ನು ಪ್ರತ್ಯೇಕಿಸುವುದು ಬೇರೆ. ಒಂದು ಜನಾಂಗದ ಪೇಟೆಯನ್ನೆಲ್ಲ ಮುಚ್ಚಿ, ರೋಗಿಗಳನ್ನೂ ಆರೋಗ್ಯವಂತರನ್ನೂ ಒಟ್ಟಿಗೆ ಕೂಡಿಹಾಕುವುದು ಬೇರೆ. ಎರಡನೆಯದು ರೋಗವನ್ನು ತಡೆಯದೆ ಬೆಳೆಸುತ್ತದೆ.

ಇಲ್ಲಿ ಕಾರ್ಯಕಾರಣಗಳು ತಲೆಕೆಳಗಾದ ಬಗೆಯನ್ನು ವಿದ್ಯಾರ್ಥಿಗಳು ಗಮನಿಸಬೇಕು. ಚೀಣೀ ಕೂಲಿಗಾರರ ಪ್ರವೇಶವನ್ನು ೧೮೮೨ರ ಕಾಯಿದೆ ನಿಷೇಧಿಸಿತ್ತು. ಆಗಲೇ ಒಳಗಿದ್ದವರಿಗೆ ನಗರದ ಬೇರೆ ಕಡೆಗಳಲ್ಲಿ ಮನೆ ಸಿಕ್ಕುವುದು ದುಸ್ತರವಾಗಿತ್ತು. ಆದುದರಿಂದ ಅವರು ಇಕ್ಕಟ್ಟಿನಲ್ಲಿ ಬದುಕಿದರು. ಆ ಇಕ್ಕಟ್ಟನ್ನು ನೋಡಿದ ಅಧಿಕಾರಿಗಳು ಅದನ್ನು ಜನಾಂಗದ ಸ್ವಭಾವವೆಂದು ಬಗೆದರು. ಕಾಯಿದೆಯ ಫಲವಾಗಿದ್ದುದು ಜನರ ಗುಣವೆಂದು ದಾಖಲೆಯಲ್ಲಿ ಬರೆಯಲ್ಪಟ್ಟಿತು.

೩

ಎರಡನೆಯ ಘಟ್ಟದಲ್ಲಿ ಮಹಾಮಾರಿಯಿಲ್ಲ; ಕೇವಲ ಕಾಗದಪತ್ರಗಳಿವೆ. ೨೦೨೦ರ ಅಂಕಿಗಳು ಅರ್ಥವಾಗಬೇಕಾದರೆ ಇವನ್ನು ನೋಡದೆ ವಿಧಿಯಿಲ್ಲ. ೧೯೨೯ರ ಆರ್ಥಿಕ ಕುಸಿತದ ತರುವಾಯ ಮನೆಗಳನ್ನು ಕಳೆದುಕೊಳ್ಳುತ್ತಿದ್ದವರ ನೆರವಿಗಾಗಿ ಅಮೆರಿಕದ ಸರ್ಕಾರವು ೧೯೩೩ರಲ್ಲಿ ಗೃಹಸಾಲ ಸಂಸ್ಥೆಯೊಂದನ್ನು ಸ್ಥಾಪಿಸಿತು. ಅದು ನಗರಗಳ ಬಡಾವಣೆಗಳನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸಿ, ಸಾಲಕ್ಕೆ ಅಪಾಯಕರವೆನಿಸಿದ ಕಡೆಯ ದರ್ಜೆಯನ್ನು ನಕ್ಷೆಯಲ್ಲಿ ಕೆಂಪು ಬಣ್ಣದಿಂದ ತೋರಿಸಿತು. ಆಫ್ರಿಕನ್ ಅಮೆರಿಕನರು ವಾಸವಾಗಿದ್ದ ಬಡಾವಣೆಗಳು ಬಹುತೇಕ ಈ ಕೆಂಪಿನೊಳಗೆ ಬಿದ್ದುವು. ನಕ್ಷೆಯೊಂದೇ ಎಲ್ಲಕ್ಕೂ ಕಾರಣವೆಂದರೆ ಅತಿಶಯೋಕ್ತಿಯಾದೀತು. ೧೯೩೪ರಲ್ಲಿ ಹುಟ್ಟಿದ ಫೆಡರಲ್ ಗೃಹನಿರ್ಮಾಣ ಆಡಳಿತದ ಪಾತ್ರ ಇದಕ್ಕಿಂತ ದೊಡ್ಡದು. ಅದು ಸಾಲಕ್ಕೆ ವಿಮೆ ಕೊಡುವಾಗ ಬಿಳಿಯರ ಬಡಾವಣೆಗಳನ್ನೇ ಎತ್ತಿಹಿಡಿಯಿತು. ಬೇರೆ ಜನಾಂಗದವರಿಗೆ ಮನೆಯನ್ನು ಮಾರಕೂಡದೆಂದು ಕ್ರಯಪತ್ರಗಳಲ್ಲಿ ನಿರ್ಬಂಧವನ್ನು ಬರೆಸುವುದನ್ನು ಪ್ರೋತ್ಸಾಹಿಸಿತು.

ಇಂಥ ನಿರ್ಬಂಧಗಳನ್ನು ನ್ಯಾಯಾಲಯಗಳು ಜಾರಿಮಾಡಕೂಡದೆಂದು ಸುಪ್ರೀಂ ಕೋರ್ಟು ೧೯೪೮ರಲ್ಲಿ ತೀರ್ಪಿತ್ತಿತು. ಮನೆಯ ಮಾರಾಟದಲ್ಲಿಯೂ ಬಾಡಿಗೆಯಲ್ಲಿಯೂ ಭೇದವೆಣಿಸುವುದನ್ನು ನಿಷೇಧಿಸುವ ಕಾಯಿದೆ ೧೯೬೮ರಲ್ಲಿ ಬಂದಿತು. ಅಷ್ಟರೊಳಗೆ ಒಂದು ತಲೆಮಾರಿನ ಬಿಳಿಯರು ಕಡಮೆ ಬಡ್ಡಿಯ ಸಾಲದಿಂದ ಮನೆ ಕೊಂಡಾಗಿತ್ತು. ಆ ಮನೆಗಳ ಬೆಲೆ ಏರಿ, ಮಕ್ಕಳ ವಿದ್ಯಾಭ್ಯಾಸಕ್ಕೂ ಕಷ್ಟಕಾಲಕ್ಕೂ ಆಧಾರವಾಗಿತ್ತು. ಭೇದವನ್ನು ಕಾಯಿದೆಯಿಂದ ಅಳಿಸಬಹುದು. ಅದರಿಂದ ಹುಟ್ಟಿದ ಆಸ್ತಿಯ ಅಂತರ ತಾನಾಗಿ ಅಳಿಯುವುದಿಲ್ಲ. ೨೦೧೯ರ ಕೊನೆಯಲ್ಲಿಯೂ ಬಿಳಿಯರ ಕುಟುಂಬಗಳಲ್ಲಿ ನೂರಕ್ಕೆ ಸುಮಾರು ೭೪ ಸ್ವಂತ ಮನೆಯುಳ್ಳವಾಗಿದ್ದರೆ, ಆಫ್ರಿಕನ್ ಅಮೆರಿಕನರಲ್ಲಿ ಅಂಥವು ೪೪ ಮಾತ್ರ. ಉಳಿದವರು ಬಹುಮಟ್ಟಿಗೆ ಬಾಡಿಗೆದಾರರು. ಕೂಡಿಟ್ಟ ಹಣವಿಲ್ಲದ ಬಾಡಿಗೆದಾರನಿಗೆ ಒಂದೆರಡು ತಿಂಗಳ ಸಂಬಳ ನಿಂತರೆ ಬೀದಿ ದೂರವಲ್ಲ.

೪

೨೦೨೦ರಲ್ಲಿ ಕೋವಿಡ್ ಬಂದದ್ದು ಇಂಥ ಸಮಾಜಕ್ಕೆ. ರೋಗವು ಮೊದಲು ಅಪಾಯವನ್ನೊಡ್ಡಿದುದು ಸಾರ್ವಜನಿಕ ಆಶ್ರಯಗೃಹಗಳಲ್ಲಿ ಹಾಸಿಗೆಗೆ ಹಾಸಿಗೆ ತಾಗುವಂತೆ ಮಲಗುತ್ತಿದ್ದವರಿಗೆ. ಆ ವರ್ಷದ ಏಪ್ರಿಲ್ ತಿಂಗಳ ಆದಿಯಲ್ಲಿ ಬಾಸ್ಟನ್ ನಗರದ ದೊಡ್ಡ ಆಶ್ರಯಗೃಹವೊಂದರಲ್ಲಿ ೪೦೮ ಮಂದಿಯನ್ನು ಪರೀಕ್ಷಿಸಿದಾಗ ೧೪೭ ಮಂದಿಗೆ ಸೋಂಕು ಕಂಡುಬಂದಿತು. ಅವರಲ್ಲಿ ಬಹುಪಾಲು ಜನರಲ್ಲಿ ರೋಗಲಕ್ಷಣಗಳೇ ಇರಲಿಲ್ಲ. ಕೆಮ್ಮುವವರನ್ನು ಮಾತ್ರ ಹೊರತೆಗೆದರೆ ಉಳಿದವರು ಕ್ಷೇಮವೆಂಬ ಎಣಿಕೆ ಇದರಿಂದ ಸುಳ್ಳಾಯಿತು. ಗೋಡೆಯುಳ್ಳ ಪ್ರತ್ಯೇಕ ಕೋಣೆಯೇ ಮದ್ದೆಂಬುದು ಸ್ಪಷ್ಟವಾಯಿತು.

ಕೋಣೆಗಳಿಗೆ ಕೊರತೆಯಿತ್ತೆ? ಲಾಸ್ ವೇಗಸ್ ನಗರದ ಸಂಗತಿ ಇದಕ್ಕೆ ಉತ್ತರ ಕೊಡುತ್ತದೆ. ೨೦೨೦ರ ಮಾರ್ಚಿಯ ಕೊನೆಯಲ್ಲಿ, ಸೋಂಕು ಕಂಡುಬಂದ ಕಾರಣ ಆಶ್ರಯಗೃಹವೊಂದು ಮುಚ್ಚಿದಾಗ, ಅಲ್ಲಿದ್ದವರನ್ನು ವಾಹನಗಳನ್ನು ನಿಲ್ಲಿಸುವ ಬಯಲಿನಲ್ಲಿ, ನೆಲದ ಮೇಲೆ ಬಣ್ಣದಿಂದ ಗುರುತಿಸಿದ ಚೌಕಗಳೊಳಗೆ ಮಲಗಿಸಲಾಯಿತು. ಪ್ರವಾಸಿಗಳು ಬಾರದುದರಿಂದ ಅದೇ ನಗರದ ಸಾವಿರಾರು ಹೋಟೆಲು ಕೋಣೆಗಳು ಆಗ ಬರಿದಾಗಿದ್ದುವು. ಇದಕ್ಕೆ ಪ್ರತಿಯಾಗಿ ಕ್ಯಾಲಿಫೋರ್ನಿಯಾ ರಾಜ್ಯವು ಏಪ್ರಿಲಿನಲ್ಲಿ ಬರಿದಾದ ಹೋಟೆಲುಗಳ ಕೋಣೆಗಳನ್ನು ಬಾಡಿಗೆಗೆ ಹಿಡಿದು, ಮನೆಯಿಲ್ಲದ ವೃದ್ಧರನ್ನೂ ರೋಗಿಗಳನ್ನೂ ಅಲ್ಲಿರಿಸುವ ಯೋಜನೆಯನ್ನು ಆರಂಭಿಸಿತು. ಮನೆಯಿಲ್ಲದವರೆಲ್ಲರಿಗೂ ಅದು ಸಾಲಲಿಲ್ಲ. ಆದರೂ ಇಷ್ಟು ಕಾಲ ಅಸಾಧ್ಯವೆನಿಸಿದ್ದುದು ಕೆಲವೇ ವಾರಗಳಲ್ಲಿ ಸಾಧ್ಯವಾಯಿತೆಂಬುದನ್ನು ಚರಿತ್ರಕಾರನು ಮರೆಯಲಾಗದು.

ಬಾಡಿಗೆ ಕೊಡಲಾಗದವರನ್ನು ಮನೆಯಿಂದ ಹೊರಹಾಕಕೂಡದೆಂದು ಅಲ್ಲಿನ ರೋಗನಿಯಂತ್ರಣ ಕೇಂದ್ರವು ೨೦೨೦ರ ಸೆಪ್ಟೆಂಬರ್ ೪ರಿಂದ ಆಜ್ಞೆ ಮಾಡಿತು. ಮನೆ ಕಳೆದುಕೊಂಡವನು ಬಂಧುಗಳ ಮನೆಯ ಇಕ್ಕಟ್ಟಿಗೋ ಆಶ್ರಯಗೃಹಕ್ಕೋ ಹೋಗುತ್ತಾನೆ, ಅದರಿಂದ ರೋಗ ಹರಡುತ್ತದೆ ಎಂಬುದು ಅದರ ತರ್ಕ. ೧೯೦೦ರಲ್ಲಿ ರೋಗವನ್ನು ತಡೆಯಲು ಮನೆಯನ್ನು ಸುಟ್ಟ ದೇಶದಲ್ಲಿಯೇ ೨೦೨೦ರಲ್ಲಿ ರೋಗವನ್ನು ತಡೆಯಲು ಮನೆಯನ್ನು ಉಳಿಸಬೇಕೆಂಬ ಅಭಿಪ್ರಾಯ ಆಜ್ಞೆಯ ರೂಪ ತಾಳಿದುದು ಸಣ್ಣ ಬದಲಾವಣೆಯಲ್ಲ. ಆದರೆ ಅಂಥ ಆಜ್ಞೆಯನ್ನು ಮಾಡುವ ಅಧಿಕಾರ ಆ ಕೇಂದ್ರಕ್ಕಿಲ್ಲವೆಂದು ಸುಪ್ರೀಂ ಕೋರ್ಟು ೨೦೨೧ರ ಆಗಸ್ಟ್ ೨೬ರಂದು ತಿಳಿಸಿತು. ರಕ್ಷಣೆ ಅಲ್ಲಿಗೆ ಮುಗಿಯಿತು. ೨೦೨೪ರ ಜನವರಿಯ ಎಣಿಕೆಯಲ್ಲಿ ಮನೆಯಿಲ್ಲದವರ ಸಂಖ್ಯೆ ೭,೭೧,೪೮೦ಕ್ಕೆ ಏರಿತ್ತು. ಅವರಲ್ಲಿ ಆಫ್ರಿಕನ್ ಅಮೆರಿಕನರು ನೂರಕ್ಕೆ ೩೨. ಪ್ರಮಾಣ ಇಳಿದಂತೆ ಕಂಡರೂ ಒಟ್ಟು ಸಂಖ್ಯೆ ಬೆಳೆದುದರಿಂದ, ತಲೆಯೆಣಿಕೆಯಲ್ಲಿ ಅವರು ಮೊದಲಿಗಿಂತ ಹೆಚ್ಚಾಗಿಯೇ ಇದ್ದರು.

೫

ಮೇಲಿನ ಮೂರು ಘಟ್ಟಗಳಿಂದ ನಮಗೆ ತೋರುವುದೇನೆಂದರೆ, ಮಹಾಮಾರಿಯು ಎಲ್ಲರನ್ನೂ ಸಮನಾಗಿ ನೋಡುತ್ತದೆಂಬ ಲೋಕೋಕ್ತಿ ಅರ್ಧಸತ್ಯ. ರೋಗಾಣುವಿಗೆ ಜನಾಂಗವಿಲ್ಲ, ನಿಜ. ಆದರೆ ಅದು ಸಂಚರಿಸುವ ದಾರಿಗಳನ್ನು ಮನುಷ್ಯರೇ ಕಡಿದಿರುತ್ತಾರೆ. ಕಾವಲಿನ ಗೆರೆ, ಸಾಲದ ನಕ್ಷೆ, ಬಯಲಿನ ಮೇಲಿನ ಬಣ್ಣದ ಚೌಕ ಇವು ಮೂರೂ ಬೇರೆ ಬೇರೆ ಕೈಗಳು ಬೇರೆ ಬೇರೆ ಉದ್ದೇಶಗಳಿಂದ ಎಳೆದುವು. ಆದರೂ ಅವುಗಳ ತಪ್ಪಾದ ಪಕ್ಕಕ್ಕೆ ಬಿದ್ದವರು ಮತ್ತೆ ಮತ್ತೆ ಬಡವರೂ, ಅವರಲ್ಲಿಯೂ ವಿಶೇಷವಾಗಿ ಬಿಳಿಯರಲ್ಲದ ಜನಾಂಗದವರೂ ಆದರು.

ನಮ್ಮ ವಿದ್ಯಾರ್ಥಿಗಳಿಗೆ ಇದರಿಂದ ಒಂದು ಕೆಲಸವೂ ಒದಗುತ್ತದೆ. ೧೮೯೮ರ ಪ್ಲೇಗಿನ ತರುವಾಯ ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರಗಳಂಥ ಹೊಸ ಬಡಾವಣೆಗಳು ಬೆಳೆದುದನ್ನು ನಗರದ ಏಳಿಗೆಯ ಕಥೆಯಾಗಿ ನಾವು ಓದುತ್ತ ಬಂದಿದ್ದೇವೆ. ಅದು ಏಳಿಗೆಯೇ. ಆದರೆ ಆ ಕಾಲದ ವರದಿಗಳನ್ನು ತೆರೆದಾಗ ಸತ್ತವರ ಸಂಖ್ಯೆಯ ಜೊತೆಗೆ ಮೂರು ಪ್ರಶ್ನೆಗಳನ್ನೂ ಕೇಳಬೇಕು: ಯಾರ ಮನೆಯನ್ನು ಕೆಡವಿದರು? ಯಾರಿಗೆ ಹೊಸ ನಿವೇಶನ ದೊರೆಯಿತು? ಊರ ಹೊರಗಣ ಗುಡಿಸಲುಗಳಿಂದ ಹಿಂದಿರುಗಲಾರದೆ ಉಳಿದವರು ಯಾರು? ಜನಾಂಗವೆಂಬ ಮಾತು ಅಲ್ಲಿ ಕಾಣಿಸದಿರಬಹುದು. ಜಾತಿಯೆಂಬ ಮಾತು ಕಾಣಿಸೀತು. ಅಮೆರಿಕದ ಉದಾಹರಣೆಯನ್ನು ಇಲ್ಲಿಗೆ ಹಾಗೆಯೇ ಹೊಂದಿಸುವುದು ನಮ್ಮ ಉದ್ದೇಶವಲ್ಲ. ಅಲ್ಲಿ ಫಲ ಕೊಟ್ಟ ಪ್ರಶ್ನೆಗಳನ್ನು ನಮ್ಮ ದಾಖಲೆಗಳ ಮುಂದಿಡುವುದು ಮಾತ್ರ. ಉತ್ತರಗಳನ್ನು ಆ ದಾಖಲೆಗಳೇ ಹೇಳಬೇಕು.